ಹಂಡೆಯ ಬಾಬತ್ತು

ಆದವಾನಿಯ ಹಳೇಪೇಟೆ. ಬಳೆಗಾರರ ಸಂದಿಯಲ್ಲಿ
ಸ್ಕೂಟರುಗಳ ನಡುವೆ ಮೈ ಓರೆ ಮಾಡಿಕೊಂಡು ಹೋದರೆ
ಮೊಬೈಲಿನಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ
ಒಂದು ಬಾಗಿಲು. ಆನೆ ಹೋಗುವಷ್ಟು ಎತ್ತರ,
ತೆರೆದಿದ್ದದ್ದು ಮಾತ್ರ ಅದರೊಳಗಿನ ದಿಡ್ಡಿ.
ತಲೆ ಬಗ್ಗಿಸಿದೆ; ಭಕ್ತಿಗಲ್ಲ.

ಮೇಲೆ ಕಲ್ಲಿನಲ್ಲಿ ಕನ್ನಡ, ಸುಣ್ಣ ಕುಡಿದೂ ಕುಡಿದೂ
ಅಕ್ಷರಗಳ ಹೊಟ್ಟೆ ತುಂಬಿದೆ.
ಕೆಳಗೆ ತೆಲುಗು: ಚಪ್ಪಲಿ ಇಲ್ಲಿ ಬಿಡಿ.
ದೂರದಿಂದ ಎರಡಕ್ಕೂ ಒಂದೇ ತಲೆಕಟ್ಟು,
ಒಬ್ಬಳೇ ತಾಯಿ ಬಾಚಿದ ಎರಡು ತಲೆಯ ಹಾಗೆ.

ಪಂಪಯ್ಯನವರು ಬಂದರು, ಮೊಣಕೈತನಕ ಹಿಟ್ಟು.
"ಕನ್ನಡ ಮಾತಾಡ್ತೀನಿ ತಂಗೀ, ಓದಾಕ ಬರಂಗಿಲ್ಲ.
ನಮ್ಮ ಸಾಲಿ ಎಲ್ಲಾ ತೆಲುಗು."
ಗದ್ದುಗೆ ತೋರಿಸಿದರು. ಒಣಗಿದ ಪತ್ರಿಯ ವಾಸನೆ.
ಒಂದು ಕಂಬಕ್ಕೆ ಕರೆಂಟಿನ ಮೀಟರು,
ಇನ್ನೊಂದಕ್ಕೆ ಕಟ್ಟಿದ ಕರು.

ನಾನು ಬಂದದ್ದು ತಾಳೆಗರಿಗೆ.
ಅಟ್ಟದ ಮೇಲೆ ಗಂಟುಗಟ್ಟಲೆ ಇವೆ ಎಂದಿದ್ದರು ಯಾರೋ.
ಗಂಟು ಬಿಚ್ಚಿದರೆ
ಕೆಂಪು ರಟ್ಟಿನ ಖಾತೆ ಪುಸ್ತಕ.

"ಓದ್ರಿ. ದೇವರ ಮಾತು ಏನೈತಿ?"
ಕೈ ಮುಗಿದುಕೊಂಡೇ ಕೂತರು.
ಓದಿದೆ.
ಗಂಗಾಳ ಹನ್ನೆರಡು, ದುರುಗವ್ವನ ಮಗಳ ಮದುವೆಗೆ. ವಾಪಸು.
ಜಮಖಾನೆ ಎರಡು, ಪಿಂಜಾರ ಹುಸೇನಪ್ಪನ ಬೀಗರಿಗೆ.
ವಾಪಸು, ಒಂದಕ್ಕೆ ಎಲೆಅಡಿಕೆ ಕಲೆ.
ಕೊಪ್ಪರಿಗೆ ಒಂದು, ಕಾಲರಾದ ವರ್ಷ, ಗಂಜಿಗೆ.
ತರುವವರು ಉಳಿಯಲಿಲ್ಲ, ಹೋಗಿ ತಂದೆವು.

"ಮುಂದ?"
ತಾಮ್ರದ ಹಂಡೆ, ದೊಡ್ಡದು, ಹತ್ತಿ ಕೊಟ್ರಪ್ಪನ ಮದುವೆಗೆ.
ಅದರ ಮುಂದೆ ಏನೂ ಇಲ್ಲ.

ಕೊಟ್ರಪ್ಪ ನನ್ನ ಅಜ್ಜ.
ಬಳ್ಳಾರಿಯ ನಮ್ಮ ಬಚ್ಚಲಲ್ಲಿದೆ ಹಂಡೆ, ಅದರ ಕಂಠದಲ್ಲಿ
ಚುಕ್ಕಿ ಚುಕ್ಕಿ ಹೊಡೆದ ಎರಡಕ್ಷರ: ವಿ. ಮ.
ವಿರುಪಮ್ಮ, ಅಜ್ಜಿಯ ಹೆಸರು, ಎಂದೇ ನಂಬಿದ್ದೆವು ಎಲ್ಲ.
ಹುಣಿಸೆಹಣ್ಣು ಹಚ್ಚಿ ತಿಕ್ಕುವಾಗ ಅವ್ವ
ಅತ್ತೆಯ ಮೇಲಿನ ಸಿಟ್ಟನ್ನು
ಆ ಎರಡಕ್ಷರದ ಮೇಲೆ ತೀರಿಸಿಕೊಳ್ಳುತ್ತಿದ್ದಳು.

ವಿರಕ್ತ ಮಠ.
ಮಿಂದಿದ್ದೇವೆ ನಾವು, ಬಾಣಂತಿಯರು, ಕೂಸುಗಳು,
ಕಡೆಯ ಸ್ನಾನಕ್ಕೆ ಮಲಗಿಸಿದ ಅಜ್ಜನೂ,
ಮಠದ ತಾಮ್ರದಲ್ಲಿ ಕಾದ ನೀರು.

ಪಂಪಯ್ಯನವರ ಕೈ ಇನ್ನೂ ಮುಗಿದೇ ಇತ್ತು.
"ವಾಪಸು," ಎಂದು ಓದಿದೆ.
ಅಷ್ಟರಲ್ಲಿ ಪಕ್ಕದ ಗಿರಣಿ ಶುರುವಾಗಿ
ಅವರಿಗೆ ಕೇಳಿಸಿತೋ ಇಲ್ಲವೋ.

ಉಂಡೇ ಹೋಗಬೇಕು ಎಂದರು.
ರೊಟ್ಟಿ, ಪುಂಡಿಪಲ್ಯ, ಒಂದು ಹಸಿ ಉಳ್ಳಾಗಡ್ಡಿ.
ಕೈ ತೊಳೆಯಲು ನೀರು ಮೊಗೆದುಕೊಟ್ಟದ್ದು
ನೀಲಿ ಪ್ಲಾಸ್ಟಿಕ್ಕಿನ ಡ್ರಮ್ಮಿನಿಂದ.