ಬೇಕರಿ ತಿರುವು

ಶೂಗಳನ್ನು ಚಾಪೆಲ್ಲಿನ ಗೋಡೆ ಮೇಲಿಟ್ಟೆ.
"ನೆಸ್ಟಾ, ತಲೆ ಕೆಟ್ಟಿದೆಯೇನೆ?" ಎಂದ ಗೆಥಿನ್,
ಹಳದಿ ಕೋಟಿನೊಳಗೆ ಸೀಟಿ ಹುಡುಕುತ್ತ.
ನೆಂದ ಸೀಟಿ ಕೂಗಲಿಲ್ಲ. ವೇಲ್ಸಿನ ಜೂನ್.
ಕೈ ಬೀಸಿದ. ಓಡಿದೆವು,
ಮೂವತ್ತೊಂದು ಜನ, ಒಂದು ನಾಯಿ.

ಇಪ್ಪತ್ತೆರಡು ವರ್ಷ ಈ ಬೀದಿಗೆ ಟಪಾಲು ಹಂಚಿದವಳು ನಾನು.
ಯಾವ ಬಾಗಿಲಿಗೆ ಸಾಲದ ನೋಟೀಸು,
ಯಾವ ಮನೆಗೆ ಎಂದೂ ಏನೂ ಬರುವುದಿಲ್ಲ,
ಎಲ್ಲ ಬಲ್ಲೆ.
ಬೀದಿಯನ್ನೂ ಬಲ್ಲೆನೆಂದುಕೊಂಡಿದ್ದೆ.

ರಸ್ತೆಯ ಬಿಳಿ ಪಟ್ಟೆ ಪಾಚಿಗಿಂತ ಜಾರು.
ಸ್ಲೇಟುಗಣಿಯ ಗೇಟಿನೆದುರು ಚೂರುಕಲ್ಲು,
ಅಪ್ಪ ಸೀಳಿದ್ದೋ, ಅವನಪ್ಪನೋ, ಹಿಮ್ಮಡಿ ಕಚ್ಚಿತು.
ಮೋರಿಯ ಮುಚ್ಚಳಕ್ಕೆ ಕಬ್ಬಿಣದ ಚಳಿ.
ಬೇಕರಿ ತಿರುವಿನಲ್ಲಿ ಮಾತ್ರ
ಗೋಡೆಯ ಕೊಳವೆಯಿಂದ ಹರಿದ ನೀರು ಬೆಚ್ಚಗೆ,
ಯಾರೋ ಎರಡೂ ಕೈಯಲ್ಲಿ ಪಾದ ಹಿಡಿದುಕೊಂಡ ಹಾಗೆ.
ಅಲ್ಲೇ ನಿಂತುಬಿಟ್ಟೆ.
ನಾಯಿ ಕೂಡ ದಾಟಿ ಹೋಯಿತು.

ಹಲಗೆಯಲ್ಲಿ ಬರೆದ ಸಮಯವೆಲ್ಲ
ಸೀಮೆಸುಣ್ಣದ ಹಾಲಾಗಿ ಇಳಿದಿತ್ತು.
"ಎಷ್ಟಾಯ್ತು?" ಎಂದ ಗೆಥಿನ್.
ಎಡಗಾಲೆತ್ತಿ ತೋರಿಸಿದೆ.

ಶೂಗಳು ಗೋಡೆ ಮೇಲೆ
ಕಂಠಪೂರ್ತಿ ಕುಡಿದು ಕೂತಿದ್ದವು.
ಕವುಚಿ, ಕೊಡವಿ, ಕೈಯಲ್ಲೇ ಹಿಡಿದು
ಮನೆಗೆ ನಡೆದೆ,
ಬೇಕರಿಯ ದಾರಿ ಸುತ್ತಿಕೊಂಡು.