ತಮ್ಮನ ಕೈಬರಹ

ಪಳನಿಯ 'ಳ' ಗಂಟು ಬಿದ್ದ ದಾರದ ಹಾಗೆ.
ಅದನ್ನು ಕಲಿಯಲು ನನಗೆ ಮೂರು ರಾತ್ರಿ ಹಿಡಿಯಿತು.
ಉಳಿದ ಅಕ್ಷರ ಸುಲಭ, ಎಲ್ಲ ಎಡಕ್ಕೆ ವಾಲುತ್ತವೆ
ಸ್ಟ್ಯಾಂಡು ಹಾಕಿ ನಿಲ್ಲಿಸಿದ ಸೈಕಲ್ಲಿನಂತೆ.

ಅವನೀಗ ಎಲ್ಲಿದ್ದಾನೆಂದು ಹೇಳುವಂತಿಲ್ಲ.
ಚಳಿ ಅಂತಾನೆ. ಪೆನ್ನಲ್ಲಿ ಶಾಯಿ ಇಳಿಯಲ್ಲ ಅಂತಾನೆ.
ಸಿಗ್ನಲ್ ಸಿಕ್ಕರೆ ನಾಲ್ಕು ನಿಮಿಷ,
ಅದರಲ್ಲಿ ಎರಡು ಅಮ್ಮನಿಗೆ, ಒಂದು ನಾಯಿಗೆ,
ಉಳಿದದ್ದರಲ್ಲಿ,
"ಅಕ್ಕಾ, ಮೂರನೇ ಅಸೈನ್‌ಮೆಂಟಿಗೆ ಹದಿನೈದು ಲಾಸ್ಟ್ ಡೇಟು."

ರಂಗಪ್ಪ ಸರ್ಕಲ್ಲಿನ ಜೆರಾಕ್ಸ್ ಅಂಗಡಿಗೆ
ಆ ಪಾಂಪ್ಲೆಟು ತಂದವರು ಇನ್ನೂರು ಪ್ರತಿ ಕೇಳಿದ್ದರು.
ತೆಗೆದುಕೊಟ್ಟವಳು ನಾನೇ.
ಸಂಬಳ, ಊಟ, ಬಟ್ಟೆ, ಕೊನೆಗೆ ದಪ್ಪಕ್ಷರದಲ್ಲಿ
ಸೇವೆಯ ಜೊತೆಗೇ ಪದವಿ, ಶುಲ್ಕ ನಮ್ಮದು.
ನೂರ ತೊಂಬತ್ತೊಂಬತ್ತು ಎಣಿಸಿ ಕೊಟ್ಟೆ.
ಒಂದನ್ನು ಮಡಚಿ ಬ್ಲೌಸಿನೊಳಗಿಟ್ಟು ಮನೆಗೆ ತಂದೆ.
ಅಮ್ಮನಿಗೆ ಇದು ಇವತ್ತಿಗೂ ಗೊತ್ತಿಲ್ಲ.

ಅಪ್ಪ ಮಾರಿಮುತ್ತು, ಇಪ್ಪತ್ತಾರು ವರ್ಷ ಪಲ್ಪ್ ಸೆಕ್ಷನ್ನು.
ಗಾಳಿ ಪೇಪರ್ ಟೌನಿನ ಕಡೆಯಿಂದ ಬೀಸಿದರೆ
ಭದ್ರಾವತಿಗೆ ಬಂದ ನೆಂಟರು ಮೂಗು ಮುಚ್ಚುತ್ತಿದ್ದರು.
ನಮಗೆ ಅದು ಸಂಬಳದ ವಾಸನೆ.
ಮಿಲ್ಲು ನಿಂತ ವರ್ಷ ಊರಿನ ಗಾಳಿ ಶುದ್ಧವಾಯಿತು,
ಕಾಗದ ಮಾಡಿದವನ ಮನೆಯಲ್ಲಿ
ಹಾಳೆಯ ಅಂಚಿಗೂ ಲೆಕ್ಕ ಬರೆದು ಅಭ್ಯಾಸವಾಯಿತು.
ತಮ್ಮನ ಬಿ.ಕಾಂ. ಎರಡನೇ ವರ್ಷದ ಫೀಸಿನಲ್ಲಿ ನಿಂತಿತು.
ನಾನು ಪಿಯುಸಿಗೇ ನಿಂತವಳು.
ಯಾರೂ ನಿಲ್ಲು ಅನ್ನಲಿಲ್ಲ. ಬಸ್ಸಿನಲ್ಲಿ
ಸೀಟು ಬಿಟ್ಟುಕೊಡುವ ಹಾಗೆ, ಎದ್ದೆ.

ಶಿವಮೊಗ್ಗದ ಸ್ಟೇಡಿಯಮ್ಮಿಗೆ ರಾತ್ರಿ ಎರಡಕ್ಕೇ ಹೋದೆವು.
ಸಾಗರ, ಸೊರಬ, ಶಿಕಾರಿಪುರದ ಹುಡುಗರು
ಫುಟ್‌ಪಾತಿನ ಮೇಲೆ ಟವೆಲು ಹಾಸಿ ಮಲಗಿದ್ದರು,
ತಲೆಯಡಿ ಮಾರ್ಕ್ಸ್‌ಕಾರ್ಡಿನ ಫೈಲು.
"ಡಿಪ್ಲೊಮಾನೂ ಮಾಡಿಸ್ತಾರಂತಲ್ಲ ಅಕ್ಕ?"
ಒಬ್ಬ ನನ್ನನ್ನು ಕೇಳಿದ, ನಾನೇ ಇಲಾಖೆಯವಳು ಎಂಬಂತೆ.
ಒಂದು ಚಿಪ್ಪು ಬಾಳೆಹಣ್ಣು ಏಳು ಜನ ಹಂಚಿಕೊಂಡರು.
ಯುದ್ಧದ ಮಾತು ಯಾರೂ ಎತ್ತಲಿಲ್ಲ.
ಪಳನಿ ನಾಲ್ಕು ಸುತ್ತು ಓಡಿದ. ಐದೂಕಾಲು ನಿಮಿಷ.
ಮುಂಗೈಗೆ ಮಾರ್ಕರಿನಲ್ಲಿ ನಂಬರು ಬರೆಸಿಕೊಂಡು ಬಂದು
"ಪಾಸು" ಅಂದ.
ಉಸಿರು ಮಾತ್ರ ಇನ್ನೂ ಒಳಗೇ ಓಡುತ್ತಿತ್ತು.

ಪುಸ್ತಕದ ಪಾರ್ಸೆಲ್ಲು ಮನೆಯ ವಿಳಾಸಕ್ಕೆ ಬಂತು.
ಬಿ.ಎ., ಇತಿಹಾಸ.
"ಡ್ಯೂಟಿ ಮುಗಿದರೆ ಕಣ್ಣೇ ನಿಲ್ಲಲ್ಲ, ನೀನೇ ಬರೆದು ಹಾಕು."
ಮೊದಲ ಸಲ ಸುಮ್ಮನೆ ನಕಲು ಮಾಡಿದೆ,
ಅಂಗಡಿಯ ಮಿಷನ್ನಿನಂತೆ, ಏನನ್ನೂ ಓದದೆ.
ಎರಡನೆಯದರಲ್ಲಿ ಪುಸ್ತಕದ ಒಂದು ಸಾಲು
ತಪ್ಪಲ್ಲವೇ ಅನ್ನಿಸಿತು.
ಅಲ್ಲಿಂದ ನಿದ್ದೆ ಕೆಟ್ಟಿತು.

ಪರೀಕ್ಷೆ ಅವನೇ ಬರೆಯಬೇಕಲ್ಲ,
ಪಾಠಗಳನ್ನು ನನ್ನ ದನಿಯಲ್ಲಿ ಮೊಬೈಲಿಗೆ ಹೇಳಿ ಕಳಿಸುತ್ತೇನೆ.
ಬ್ಯಾರಕ್ಕಿನಲ್ಲಿ ಹನ್ನೊಂದು ಜನ ಕೇಳುತ್ತಾರಂತೆ,
ಕನ್ನಡ ಬಾರದವರೂ.

ಹತ್ತು ಅಂಕದ ಪ್ರಶ್ನೆಯೊಂದಿತ್ತು.
'ಅರಸರ ಕಾಲದಲ್ಲಿ ಜನರು ಸೈನ್ಯ ಸೇರಲು ಕಾರಣಗಳೇನು?'
ಉಂಬಳಿ ಜಮೀನು, ಲೂಟಿಯ ಪಾಲು,
ಕುಲಕಸುಬು, ಒಡೆಯನ ಉಪ್ಪು,
ಪುಸ್ತಕದ ನಾಲ್ಕನ್ನೂ ಬರೆದೆ.
ಕೆಳಗೆ ಮೂರು ಗೆರೆ ಜಾಗ ಉಳಿಯಿತು.
ಪೆನ್ನು ಹಿಡಿದು ಕೂತೆ, ಕ್ಯಾಪು ಹಾಕಿದೆ.
ಏಳು ಅಂಕ ಬಂತು. ತಿದ್ದಿದವರು
ಆ ಖಾಲಿ ಜಾಗಕ್ಕೆ ಕೆಂಪಿನಲ್ಲಿ ಅಡ್ಡಗೀಟು ಹೊಡೆದಿದ್ದರು.

ಜನವರಿಯಲ್ಲಿ ರಜೆಗೆ ಬಂದ.
ಭುಜ ಅಗಲವಾಗಿದೆ, ಎಡಗಿವಿ ಸ್ವಲ್ಪ ಮಂದ.
ಪುಸ್ತಕದ ಅಂಚಿನಲ್ಲಿ ನಾನು ಜಗಳವಾಡಿದ್ದನ್ನೆಲ್ಲ ಓದಿ
"ಸರ್ಟಿಫಿಕೇಟಲ್ಲಿ ನನ್ನ ಹೆಸರಿರುತ್ತಲ್ಲ ಅಕ್ಕ" ಅಂದ,
ತಪ್ಪು ಮಾಡಿದವನ ದನಿಯಲ್ಲಿ.
ಇರಲಿ ಬಿಡು, ಅಂದೆ. ಇರಲಿ ಅನ್ನಿಸಿರಲಿಲ್ಲ.

ಮುಂದಿನ ವರ್ಷದ ಫಾರಮ್ಮಿಗೆ ಸಹಿ ಬೇಕಿತ್ತು.
ಹಾಕಿದ. ನೆಟ್ಟಗೆ, ಸಾಲಾಗಿ ನಿಂತ ಅಕ್ಷರಗಳು,
'ಳ'ದಲ್ಲಿ ಗಂಟಿಲ್ಲ.
ಹಳೆಯ ಸಹಿಗೆ ತಾಳೆಯಾಗದು ಎಂದು ತೋರಿಸಿದೆ.
ತುಸು ಹೊತ್ತು ನೋಡಿ
ಪೆನ್ನನ್ನು ನನ್ನ ಕಡೆ ಜರುಗಿಸಿದ.