ಮೂಗಿಲ್ಲದ ಕುದುರೆ

ಕಕ್ಕಡದ ಆರನೇ ದಿನ ಚೋಂದವ್ವ
ವಿರಾಜಪೇಟೆಯ ನನ್ನ ಅಂಗಡಿ ಮೆಟ್ಟಿಲು ಹತ್ತಿದಳು.
ಕೊಡೆಯನ್ನು ಹೊರಗೇ ಬಿಟ್ಟು,
ಮಗುವಿನ ಸ್ವೆಟರಿನಲ್ಲಿ ಸುತ್ತಿದ ಗಂಟನ್ನು
ಮೇಜಿನ ಮೇಲಿಟ್ಟಳು. ಸದ್ದು ಮಗುವಿನದಲ್ಲ.

"ಬೆಳ್ಯಪ್ಪ ದೊಡ್ಡಪ್ಪನ ಪಿಸ್ತೂಲು. ಬರ್ಮಾದ್ದು.
ಠಾಣೆಯ ಚೀಟಿ ಇದೆ, ಕೇಳಬೇಡ.
ಕೈಲ್ ಪೊಳ್ದ್‌ಗೆ ಕೋವಿಗಳ ಸಾಲಿನಲ್ಲಿ ಇಡಬೇಕು.
ಹೊಸದರ ಹಾಗೆ ಮಾಡಬೇಡ.
ಹಳೆಯದರ ಹಾಗೆ ಮಾಡು."

ನಲವತ್ತು ವರ್ಷದ ಕಸುಬಿನಲ್ಲಿ
ಇಷ್ಟು ಕಷ್ಟದ ಕೆಲಸ ಯಾರೂ ಹೇಳಿರಲಿಲ್ಲ.

ಕೆಮ್ಮಣ್ಣಿನಂತೆ ಬೆರಳಿಗೆ ಬರುವ ತುಕ್ಕು ನಿನ್ನೆ ಮೊನ್ನೆಯದು.
ಕಚ್ಚಿಕೊಂಡು ಕೂತದ್ದು ಬೇರೆ, ಉಗುರಿಗೆ ಜಗ್ಗುವುದಿಲ್ಲ,
ಅದರಡಿಯಲ್ಲಿ ಸಿಡುಬಿನ ಕಲೆಯಂಥ ಗುಳಿ.
ಪೂರಾ ಕೆರೆದರೆ ಉಕ್ಕೂ ಹೋಗುತ್ತದೆ,
ಉಕ್ಕಿನ ಮೇಲೆ ಒತ್ತಿದ ದೊರೆಗಳ ಬಾಣದ ಗುರುತೂ.
ನಳಿಗೆಯೊಳಗೆ ಕಣಜವೊಂದು ಮಣ್ಣಿನ ಮನೆ ಕಟ್ಟಿ
ಸಂಸಾರ ಮುಗಿಸಿ, ಬಾಗಿಲು ತೆರೆದಿಟ್ಟೇ ಹೋಗಿತ್ತು.

ಮೂರು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಹಾಕಿದೆ.
ನಾಲ್ಕನೆಯ ಬೆಳಗ್ಗೆ ಮೊದಲ ತಿರುಪು ನರಳಿ ಒಪ್ಪಿತು.
ಹಿಡಿಯ ಮರ ಒಂದು ಮಗ್ಗುಲಿಗೆ ಸೀಳಿತ್ತು,
ಬೀಟೆಯ ತುಂಡು ಕೆತ್ತಿ ಕೂರಿಸಿದೆ. ಬಣ್ಣ ಕೂಡಲಿಲ್ಲ. ಇರಲಿ.
ಹೆಬ್ಬೆರಳು ಸವೆಸಿದ ಜಾಗಕ್ಕೆ ಮಾತ್ರ ಅರ ಮುಟ್ಟಿಸಲಿಲ್ಲ.
ನನ್ನ ಬೆರಳಿಟ್ಟು ನೋಡಿದೆ:
ನನಗಿಂತ ಚಿಕ್ಕ ಕೈಯ ಮನುಷ್ಯ.

ಕತೆ ಮಾತ್ರ ದೊಡ್ಡದು. ಗದ್ದೆಯ ಜಗಳದಲ್ಲಿ
ಜಮಾದಾರ ಸುಮ್ಮನೆ ಸೊಂಟ ಮುಟ್ಟಿಕೊಂಡರೆ ಸಾಕು,
ಎರಡೂ ಕಡೆಯವರು ಕಾಫಿಗೆ ಕೂರುತ್ತಿದ್ದರಂತೆ.
ಹಾರಿಸಿದ್ದನ್ನು ಕಂಡವರಿಲ್ಲ.

ಐದನೆಯ ದಿನ ಕುದುರೆ ಬಿಚ್ಚಿ
ಹಿತ್ತಾಳೆ ಕುಂಚದಲ್ಲಿ ಉಜ್ಜುತ್ತಿದ್ದೆ.
ಗುಂಡಿನ ಬೆನ್ನಿಗೆ ಕುಟ್ಟಬೇಕಾದ ಮೂಗು
ಇರಬೇಕಾದಲ್ಲಿ ಇಲ್ಲ.
ಮುರಿದದ್ದಲ್ಲ. ಮುರಿದ ಉಕ್ಕು ಕಲ್ಲುಸಕ್ಕರೆಯಂತೆ ಕಾಣುತ್ತದೆ.
ಇದು ಅರದಿಂದ ತೇಯ್ದದ್ದು, ಅವಸರವಿಲ್ಲದೆ,
ಅಂಚಿನ ಮುಳ್ಳನ್ನೂ ಸವರಿ.
ಭೂತಗನ್ನಡಿ ತಂದೆ.
ಗೀರುಗಳೆಲ್ಲ ಎಡಕ್ಕೆ ವಾಲಿದ್ದವು.

ಈ ಪೇಟೆಯಲ್ಲಿ ಎಡಗೈಯಲ್ಲಿ ಅರ ಹಿಡಿದ ಐರಿ ಒಬ್ಬನೇ.
ಇದೇ ವೈಸಿನ ಬಾಯಿಗೆ ಇದೇ ಕುದುರೆ ಕಚ್ಚಿಸಿ,
ಕದ ಹಾಕಿಕೊಂಡು,
ನಾನು ಹುಟ್ಟುವ ಮೊದಲೋ,
ಹೊರಗೆ ಗೋಲಿ ಆಡುತ್ತಿದ್ದಾಗಲೋ,
ನನ್ನಪ್ಪ.

ಏನೆಂದು ಕೇಳಿಕೊಂಡನೋ ಜಮಾದಾರ. ಅಲ್ಲಿ ಏನು ಕಂಡು ಬಂದಿದ್ದನೋ.
ಅಪ್ಪ ಕೂಲಿ ತಗೊಂಡನೋ ಇಲ್ಲವೋ.
ರಮ್ಮು ಇಳಿದರೂ ಬಾಯಿ ಬಿಡದ ಇಬ್ಬರು.

ಆಮೇಲೆ ಕಪ್ಪೇರಿಸುವ ಕೆಲಸ.
ಮದ್ದು ಸವರಿ ತೂಗುಹಾಕಬೇಕು. ಈ ತಿಂಗಳಲ್ಲಿ
ತುಕ್ಕನ್ನು ಕರೆಯಬೇಕಿಲ್ಲ, ಬೆಳಗಾಗುವುದರೊಳಗೆ ಬಂದಿರುತ್ತದೆ.
ಬಂದದ್ದನ್ನು ಕುದಿವ ನೀರಿಗಿಳಿಸಿದರೆ ಕೆಂಪು ಕಪ್ಪಾಗುತ್ತದೆ.
ಉಜ್ಜಿ, ಮತ್ತೆ ಸವರಿ, ಮತ್ತೆ ಕುದಿಸಿ,
ತಿನ್ನಲು ಬಂದ ತುಕ್ಕೇ
ಕಾಯುವ ಚರ್ಮವಾಗುವ ತನಕ.
ಕಕ್ಕಡ ಹದಿನೆಂಟಕ್ಕೆ ಏಳನೆಯ ಸಲ.
ಒಲೆಯ ಒಂದು ಬಾಯಿಯ ಮೇಲೆ ಉಕ್ಕು,
ಇನ್ನೊಂದರ ಮೇಲೆ ಮನೆಯವಳ ಮದ್ದುಸೊಪ್ಪಿನ ಪಾಯಸ.
ಎರಡಕ್ಕೂ ಒಂದೇ ನೇರಳೆಗಪ್ಪು.
"ಸೌಟು ಅದಲುಬದಲಾದರೆ ನೋಡು" ಎಂದು ಬೈದಳು.

ಕುದುರೆಗೆ ಹೊಸ ಮೂಗು ಕೂರಿಸುವುದು ನನಗೆ ಗೊತ್ತು.
ಒಂದು ಮಧ್ಯಾಹ್ನದ ಕೆಲಸ.
ಕೂರಿಸಲಿಲ್ಲ. ಆ ಗೀರುಗಳ ಮೇಲೆ ಕಪ್ಪನ್ನೂ ಏರಿಸಲಿಲ್ಲ,
ಎಣ್ಣೆ ಬೆರಳು ಆಡಿಸಿ ಬಿಟ್ಟೆ.

ಹಬ್ಬಕ್ಕೆ ಎರಡು ದಿನವಿರುವಾಗ ಬಂದಳು.
ಚೀಲದ ತುದಿಯಲ್ಲಿ ಇಣುಕುವ ತೋಕ್‌ಪೂ, ಆಗಲೇ ಬಾಡಿತ್ತು.
ಕುದುರೆ ಎಳೆದು ಬಿಟ್ಟಳು. ಟಕ್.
"ಹಾರುತ್ತದಾ?"
"ಇದಕ್ಕೆ ಈಗ ಗುಂಡು ಸಿಗುವುದಿಲ್ಲ" ಎಂದೆ.
ಸುಳ್ಳೇನಲ್ಲ.

ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು, ಸ್ವಲ್ಪ ಹೆಚ್ಚೇ ಹೊತ್ತು.
"ನಿನ್ನಪ್ಪನೂ ಇದನ್ನೇ ಅಂದಿದ್ದ" ಎಂದು
ಸ್ವೆಟರಿನ ತೋಳುಗಳನ್ನು ಗಂಟು ಹಾಕಿದಳು.
ಕೂಲಿಯಲ್ಲಿ ಇನ್ನೂರು ಕಡಿಮೆ ಕೊಟ್ಟಳು.
ನಾನು ಕೇಳಲಿಲ್ಲ.